ಫೈರ್‌ವಾಲ್ ಮೇಲೆ ಓಎಸ್‌ಪಿಎಫ್: ಯಾವ ಇಂಟರ್‌ಫೇಸ್ ಮಾತನಾಡಬೇಕು, ಯಾವುದು ಮೌನವಾಗಿರಬೇಕು?

ಗಣಕಜಾಲಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರು, ಹುಬ್ಬಳ್ಳಿ ಮತ್ತು ಮಂಗಳೂರುಗಳಲ್ಲಿ ಕಚೇರಿಗಳಿರುವ ಒಂದು ಮಧ್ಯಮ ಗಾತ್ರದ ಸಂಸ್ಥೆಯ ಜಾಲವನ್ನು ನೋಡಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಪಿಎಫ್‌ಸೆನ್ಸ್ 2.8.0 ಎಂಬ ಫೈರ್‌ವಾಲ್ ತಂತ್ರಾಂಶ ಇದೆ, ಹುಬ್ಬಳ್ಳಿಯಲ್ಲಿ ಲಿನಕ್ಸ್ ರೂಟರ್ ಇದೆ, ಮಂಗಳೂರಿನಲ್ಲಿ ಇನ್ನೊಂದು ಪಿಎಫ್‌ಸೆನ್ಸ್ ಇದೆ. ಪ್ರತಿ ಶಾಖೆಗೂ ಬೆಂಗಳೂರಿನಿಂದ ಎರಡು ಬೇರೆ ಬೇರೆ ಇಂಟರ್ನೆಟ್ ಲೈನ್‌ಗಳ ಮೂಲಕ ಎರಡು ಐಪಿಸೆಕ್ ಟನಲ್‌ಗಳಿವೆ (ಇಂಟರ್ನೆಟ್ ಮೇಲೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ದಾರಿಗಳು). ಇಲ್ಲಿಯವರೆಗೆ ಎಲ್ಲವೂ ಸ್ಟ್ಯಾಟಿಕ್ ರೂಟ್‌ಗಳ, ಅಂದರೆ ಕೈಯಾರೆ ಬರೆದಿಟ್ಟ ದಾರಿಗಳ, ಮೇಲೆ ನಡೆಯುತ್ತಿತ್ತು. ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯ ಮೊದಲ ಲೈನ್ ಕಡಿದುಹೋದಾಗ ಎರಡನೆಯ ಟನಲ್ ಜೀವಂತವಾಗಿಯೇ ಇದ್ದರೂ ಪ್ಯಾಕೆಟ್‌ಗಳು ಸತ್ತ ಟನಲ್‌ಗೇ ಹೋಗಿ ಬೀಳುತ್ತಿದ್ದವು, ಮತ್ತು ನಾನು ರಾತ್ರಿ ಎದ್ದು ಕೈಯಾರೆ ರೂಟ್ ಬದಲಿಸುವವರೆಗೆ ಆ ಶಾಖೆಯ ಕೆಲಸ ನಿಂತಿತ್ತು. ಅಂದೇ ಡೈನಾಮಿಕ್ ರೂಟಿಂಗ್‌ಗೆ ಹೋಗಬೇಕೆಂದು ತೀರ್ಮಾನಿಸಿದೆ.

ಎಫ್‌ಆರ್‌ಆರ್ ಎಂಬ ರೂಟಿಂಗ್ ಪ್ಯಾಕೇಜ್ ಹಾಕಿ, ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೊಕಾಲ್) ಚಾಲನೆಗೊಳಿಸಿ, ಟನಲ್‌ಗಳನ್ನು ಅದರ ಮೂಲ ವಲಯವಾದ ಏರಿಯಾ 0 ಯಲ್ಲಿ ಸೇರಿಸಿದ್ದೇನೆ. ಒಳಗಿನ ಜಾಲಗಳೆಲ್ಲ ತಾವಾಗಿಯೇ ಪ್ರಚಾರವಾಗಲೆಂದು ಮೂರೂ ಕಡೆ ‘ರೀಡಿಸ್ಟ್ರಿಬ್ಯೂಟ್ ಕನೆಕ್ಟೆಡ್’ (ನೇರವಾಗಿ ಜೋಡಿಸಿರುವ ಎಲ್ಲ ಜಾಲಗಳನ್ನೂ ಸಾರುವ ಆಯ್ಕೆ) ಕೂಡ ಒತ್ತಿದ್ದೇನೆ. ಆದರೆ ಹುಬ್ಬಳ್ಳಿಯ ನೇಬರ್ (ಎದುರು ತುದಿಯ ಓಎಸ್‌ಪಿಎಫ್ ರೂಟರ್) ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲೇ ನಿಂತುಬಿಟ್ಟಿದೆ, ಹುಬ್ಬಳ್ಳಿಯಿಂದ ನೋಡಿದರೆ ಬೆಂಗಳೂರು ಎಕ್ಸ್‌ಚೇಂಜ್‌ನಲ್ಲಿ ಕಾಣುತ್ತದೆ; ಎರಡೂ ಸಂಪರ್ಕ ಪೂರ್ಣಗೊಂಡ ‘ಫುಲ್’ ಸ್ಥಿತಿಗೆ ಮುಂಚಿನ ಹಂತಗಳು. ಟನಲ್‌ನ ಎರಡೂ ತುದಿಗಳಿಂದ ಪಿಂಗ್ ಚೆನ್ನಾಗಿಯೇ ಹೋಗುತ್ತದೆ. ಇದರ ಜೊತೆಗೆ ಒಂದು ಮೂಲ ಪ್ರಶ್ನೆಯೂ ಇದೆ: ಫೈರ್‌ವಾಲ್‌ನ ಯಾವ ಯಾವ ಇಂಟರ್‌ಫೇಸ್‌ಗಳನ್ನು ಓಎಸ್‌ಪಿಎಫ್‌ಗೆ ಸೇರಿಸುವುದು ಸರಿ?

ಗಡಿಕಾವಲು

ನಿಮ್ಮ ಮೂಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಉಳಿದದ್ದೆಲ್ಲ ತೇಪೆಯ ಕೆಲಸವಾಗುತ್ತದೆ. ಸಾಮಾನ್ಯ ರೂಟರ್‌ನಲ್ಲಿ ಎಲ್ಲ ಇಂಟರ್‌ಫೇಸ್‌ಗಳನ್ನೂ ಒಂದೇ ಸಾಲಿನಲ್ಲಿ ಓಎಸ್‌ಪಿಎಫ್‌ಗೆ ಒಪ್ಪಿಸುವ ರೂಢಿ ಇದೆ, ಆದರೆ ಫೈರ್‌ವಾಲ್‌ನಲ್ಲಿ ಪ್ರತಿಯೊಂದು ಇಂಟರ್‌ಫೇಸ್‌ಗೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಈ ಇಂಟರ್‌ಫೇಸ್‌ನ ಆಚೆ ಇರುವವರೊಡನೆ ನಾನು ಮಾತನಾಡಬೇಕೇ? ಈ ಇಂಟರ್‌ಫೇಸ್‌ನ ಜಾಲ ಇದೆಯೆಂದು ಇತರರಿಗೆ ಹೇಳಬೇಕೇ? ಈ ಇಂಟರ್‌ಫೇಸ್‌ನಿಂದ ಬಂದ ರೂಟ್‌ಗಳನ್ನು ನಂಬಬೇಕೇ? ಟನಲ್‌ಗಳಿಗೆ ಮೂರಕ್ಕೂ ಹೌದು. ಒಳಗಿನ ಲ್ಯಾನ್‌ಗೆ ಎರಡನೆಯದು ಮಾತ್ರ ಹೌದು, ಹಾಗಾಗಿ ಅದನ್ನು ಪ್ಯಾಸಿವ್ ಎಂದು ಗುರುತಿಸಬೇಕು: ಆಗ ಜಾಲದ ಪ್ರಚಾರವಾಗುತ್ತದೆ, ನೇಬರ್‌ಗಳನ್ನು ಹುಡುಕುವ ಹೆಲೋ ಪ್ಯಾಕೆಟ್ ಹೊರಡುವುದಿಲ್ಲ, ಮೇಜಿನ ಮೇಲಿನ ಯಾವುದೋ ಕಂಪ್ಯೂಟರ್ ನೇಬರ್ ಆಗಿ ಕುಳಿತುಕೊಳ್ಳಲು ಅವಕಾಶವಿರುವುದಿಲ್ಲ. ಇಂಟರ್ನೆಟ್ ಕಡೆಯ ಇಂಟರ್‌ಫೇಸ್‌ಗೆ ಮೂರಕ್ಕೂ ಇಲ್ಲ. ಅದು ಓಎಸ್‌ಪಿಎಫ್ ಪಟ್ಟಿಯಲ್ಲಿ ಕಾಣಿಸಲೇಬಾರದು. ಪಟ್ಟಿಯಲ್ಲಿಲ್ಲದ ಇಂಟರ್‌ಫೇಸ್ ಕೂಡ ನಿಮ್ಮ ‘ರೀಡಿಸ್ಟ್ರಿಬ್ಯೂಟ್ ಕನೆಕ್ಟೆಡ್’ನ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಟನಲ್ ಎದ್ದ ಮೇಲೆ ಅದರ ಪರಿಣಾಮವನ್ನು ನೋಡುವಿರಿ.

ಇನ್ನು ನಿಯಮಗಳ ವಿಚಾರ. ಓಎಸ್‌ಪಿಎಫ್ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದು ನೇರವಾಗಿ ಐಪಿಯ ಮೇಲೆ 89ನೆಯ ಪ್ರೋಟೊಕಾಲ್ ಆಗಿ ಸಾಗುತ್ತದೆ. ಹಾಗಾಗಿ ಪೋರ್ಟ್ ಸಂಖ್ಯೆ ಹುಡುಕುತ್ತಾ ಕುಳಿತವರಿಗೆ ಅದು ಸಿಗುವುದಿಲ್ಲ. ನಿಯಮದಲ್ಲಿ ಮೂಲವಾಗಿ ನೇಬರ್‌ನ ಟನಲ್ ವಿಳಾಸವನ್ನೂ, ಗುರಿಯಾಗಿ 224.0.0.5 (ಎಲ್ಲ ಓಎಸ್‌ಪಿಎಫ್ ರೂಟರ್‌ಗಳ ಮಲ್ಟಿಕಾಸ್ಟ್ ವಿಳಾಸ) ಹಾಗೂ ನಿಮ್ಮ ಟನಲ್ ವಿಳಾಸ ಎರಡನ್ನೂ ಕೊಡಿ. ಬ್ರಾಡ್‌ಕಾಸ್ಟ್ ಜಾಲವಾದರೆ 224.0.0.6 ಕೂಡ ಬೇಕು. ಮಲ್ಟಿಕಾಸ್ಟ್ ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟವರಿಗೆ ಬ್ರಾಡ್‌ಕಾಸ್ಟ್ ಜಾಲದಲ್ಲಿ ಹೆಲೋ ದಾಟುತ್ತದೆ, ಆದರೆ ಅನಂತರದ ಡೇಟಾಬೇಸ್ ವಿವರಣೆಯ ಪ್ಯಾಕೆಟ್‌ಗಳು ಯೂನಿಕಾಸ್ಟ್ ಆಗಿ ಬರುವುದರಿಂದ ತಡೆಗೊಳ್ಳುತ್ತವೆ, ಮತ್ತು ನೇಬರ್ ನಿಮ್ಮಲ್ಲಿ ಆದಂತೆಯೇ ಎಕ್ಸ್‌ಸ್ಟಾರ್ಟ್‌ನಲ್ಲಿ ನಿಲ್ಲುತ್ತದೆ.

ದಯವಿಟ್ಟು ಎರಡು ಸಂಗತಿಗಳನ್ನು ತಿಳಿಸಿ. ಐಪಿಸೆಕ್‌ನ ಸುಧಾರಿತ ಆಯ್ಕೆಗಳಲ್ಲಿ ಫಿಲ್ಟರ್ ಮೋಡ್ ಯಾವುದಿದೆ? ಅದು ಮೊದಲಿನ ಸ್ಥಿತಿಯಲ್ಲೇ ಇದ್ದರೆ ನೀವು ಟನಲ್ ಇಂಟರ್‌ಫೇಸ್‌ನ ಟ್ಯಾಬ್‌ನಲ್ಲಿ ಎಷ್ಟೇ ನಿಯಮ ಬರೆದರೂ ಅವು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲವೂ ಐಪಿಸೆಕ್ ಟ್ಯಾಬ್‌ನಲ್ಲೇ ತೀರ್ಮಾನವಾಗುತ್ತದೆ. ಎರಡನೆಯದು, ಟನಲ್‌ನ ಎರಡೂ ತುದಿಗಳ ಎಂಟಿಯು, ಅಂದರೆ ಒಡೆಯದೆ ಸಾಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ, ಎಷ್ಟು?

ಗಣಕಜಾಲಿ

ಫಿಲ್ಟರ್ ಮೋಡ್ ಅನ್ನು ಮೊದಲೇ ಬದಲಿಸಿ, ನಿಯಮಗಳನ್ನು ಆಯಾ ಟನಲ್ ಇಂಟರ್‌ಫೇಸ್‌ನಲ್ಲೇ ಬರೆದಿದ್ದೇನೆ. ಲಾಗ್‌ನಲ್ಲಿ 89ನೆಯ ಪ್ರೋಟೊಕಾಲ್ ಎಲ್ಲಿಯೂ ತಡೆಗೊಂಡಿಲ್ಲ. ಎಂಟಿಯು ಬೆಂಗಳೂರಿನಲ್ಲಿ 1400 ಇದೆ, ಅದನ್ನು ನಾನು ಮುಟ್ಟಿಲ್ಲ. ಹುಬ್ಬಳ್ಳಿಯ ಲಿನಕ್ಸ್‌ನಲ್ಲಿ ನನಗಿಂತ ಹಿಂದೆ ಇದ್ದವರು ಕೈಯಿಂದಲೇ 1438 ಎಂದು ಬರೆದಿಟ್ಟಿದ್ದಾರೆ. ಸಂರಚನೆಯಲ್ಲಿ ‘ಇಗ್ನೋರ್ ಎಂಟಿಯು’ ಎಂಬ ಆಯ್ಕೆ ಇದೆಯಲ್ಲ, ಅದನ್ನು ಒತ್ತಿದರೆ ಸಾಲದೇ?

ದಾರಿಗಣಿತ

ಸಾಲದು, ಮತ್ತು ಆ ಗುಂಡಿಯನ್ನು ಒತ್ತಬೇಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ನಡೆಯುತ್ತಿರುವುದು ಇಷ್ಟು. ಇಬ್ಬರು ನೇಬರ್‌ಗಳು ತಮ್ಮ ತಮ್ಮ ಡೇಟಾಬೇಸ್‌ನ ವಿವರ ಹೇಳಿಕೊಳ್ಳಲು ಆರಂಭಿಸುವಾಗ ಪ್ರತಿಯೊಂದು ಪ್ಯಾಕೆಟ್‌ನಲ್ಲೂ ತನ್ನ ಇಂಟರ್‌ಫೇಸ್‌ನ ಎಂಟಿಯು ಎಷ್ಟೆಂದು ಬರೆದು ಕಳಿಸುತ್ತಾರೆ. ಓಎಸ್‌ಪಿಎಫ್‌ನ ಮಾನದಂಡವಾದ 1998ರ ಆರ್‌ಎಫ್‌ಸಿ 2328 ಸ್ಪಷ್ಟವಾಗಿ ಹೇಳುವಂತೆ, ಬಂದ ಪ್ಯಾಕೆಟ್‌ನಲ್ಲಿರುವ ಎಂಟಿಯು ನನ್ನ ಇಂಟರ್‌ಫೇಸ್ ಒಡೆಯದೆ ಸ್ವೀಕರಿಸಬಲ್ಲ ಗಾತ್ರಕ್ಕಿಂತ ದೊಡ್ಡದಾಗಿದ್ದರೆ ನಾನು ಅದನ್ನು ತಿರಸ್ಕರಿಸಬೇಕು. ಹುಬ್ಬಳ್ಳಿ 1438 ಎನ್ನುತ್ತದೆ, 1400 ಇರುವ ಬೆಂಗಳೂರು ಒಪ್ಪುವುದಿಲ್ಲ. ಹುಬ್ಬಳ್ಳಿಗೆ ಬೆಂಗಳೂರಿನ 1400 ಒಪ್ಪಿಗೆಯಾದ್ದರಿಂದ ಅದು ಒಂದು ಹೆಜ್ಜೆ ಮುಂದೆ ಹೋಗಿ ಎಕ್ಸ್‌ಚೇಂಜ್‌ನಲ್ಲಿ ಕಾಯುತ್ತದೆ. ನೀವು ಮೊದಲ ಬರಹದಲ್ಲಿ ಎರಡು ತುದಿಗಳ ಸ್ಥಿತಿಯನ್ನೂ ಬರೆದದ್ದರಿಂದಲೇ ಇದು ಎಂಟಿಯು ಎಂದು ಊಹಿಸಲು ಸಾಧ್ಯವಾಯಿತು. ಪಿಂಗ್ ಚಿಕ್ಕ ಪ್ಯಾಕೆಟ್ ಆದ್ದರಿಂದ ಅದರ ಸಾಕ್ಷಿ ಇಲ್ಲಿ ನಡೆಯುವುದಿಲ್ಲ.

‘ಇಗ್ನೋರ್ ಎಂಟಿಯು’ ಒತ್ತಿದರೆ ನೇಬರ್ ಇಂದು ಫುಲ್ ಆಗುತ್ತದೆ, ಏಕೆಂದರೆ ನಿಮ್ಮ ಜಾಲ ಇಂದು ಚಿಕ್ಕದು. ನಾಳೆ ರೂಟ್‌ಗಳು ಹೆಚ್ಚಿ, ಹುಬ್ಬಳ್ಳಿ 1438ರವರೆಗೂ ತುಂಬಿದ ಅಪ್‌ಡೇಟ್ ಪ್ಯಾಕೆಟ್ ಕಳಿಸಿ, ಅದು ದಾರಿಯಲ್ಲಿ ಕಳೆದುಹೋದಾಗ ನೇಬರ್ ಲೋಡಿಂಗ್‌ನಲ್ಲಿ ನಿಲ್ಲುತ್ತದೆ, ಮತ್ತು ಆಗ ಕಾರಣ ಹುಡುಕುವವರಿಗೆ ಇಂದಿನ ಈ ಸುಳಿವೂ ಇರುವುದಿಲ್ಲ. ತಿರಸ್ಕಾರದ ಆ ನಿಯಮ ನಿಮಗೆ ಸಹಾಯ ಮಾಡುತ್ತಿದೆ. ಎರಡೂ ಕಡೆ 1400 ಮಾಡಿ.

ಗಣಕಜಾಲಿ

ಹುಬ್ಬಳ್ಳಿಯಲ್ಲಿ 1400 ಮಾಡಿದ ಕೆಲವೇ ಕ್ಷಣಗಳಲ್ಲಿ ನೇಬರ್ ಫುಲ್ ಆಯಿತು, ಧನ್ಯವಾದಗಳು. ಆದರೆ ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. ನೇಬರ್ ಫುಲ್ ಆಗುತ್ತದೆ, ರೂಟ್‌ಗಳು ಬರುತ್ತವೆ, ಆ ಕ್ಷಣವೇ ಟನಲ್‌ನಲ್ಲಿ ಪ್ಯಾಕೆಟ್ ಹರಿಯುವುದು ನಿಲ್ಲುತ್ತದೆ, ಸುಮಾರು 40 ಸೆಕೆಂಡುಗಳ ನಂತರ ನೇಬರ್ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದು ಮತ್ತೆ ಫುಲ್ ಆಗುತ್ತದೆ. ಕಳೆದ ಒಂದು ಗಂಟೆಯಿಂದ ಇದೇ ಚಕ್ರ ತಿರುಗುತ್ತಿದೆ.

ಗಡಿಕಾವಲು

ನಾನು ಹೇಳಿದ ಹಿತ್ತಿಲ ಬಾಗಿಲು ಇದೇ. ಹುಬ್ಬಳ್ಳಿಯ ರೂಟ್ ಪಟ್ಟಿಯಲ್ಲಿ ಬೆಂಗಳೂರಿನ ಸಾರ್ವಜನಿಕ ವಿಳಾಸ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಉದಾಹರಣೆಗೆ ನಿಮ್ಮ ಬೆಂಗಳೂರಿನ ಇಂಟರ್ನೆಟ್ ಜಾಲ 203.0.113.0/29 ಎಂದಿಟ್ಟುಕೊಳ್ಳೋಣ. ಓಎಸ್‌ಪಿಎಫ್ ಏಳುವ ಮುನ್ನ ಹುಬ್ಬಳ್ಳಿ ಆ ವಿಳಾಸವನ್ನು ಡೀಫಾಲ್ಟ್ ರೂಟ್ ಮೂಲಕ, ಅಂದರೆ ಇಂಟರ್ನೆಟ್ ಲೈನ್ ಮೂಲಕ ತಲುಪುತ್ತದೆ, ಟನಲ್ ನಿಂತಿರುವುದು ಅದರ ಮೇಲೆಯೇ. ನೇಬರ್ ಫುಲ್ ಆದ ತಕ್ಷಣ ಬೆಂಗಳೂರು ‘ಕನೆಕ್ಟೆಡ್’ ಹೆಸರಿನಲ್ಲಿ ತನ್ನ /29 ಅನ್ನೂ ಟೈಪ್ 5 ಎಲ್‌ಎಸ್‌ಎ (ಓಎಸ್‌ಪಿಎಫ್‌ನ ಹೊರಗಿನ ರೂಟ್‌ನ ಸುದ್ದಿ) ಆಗಿ ಕಳಿಸುತ್ತದೆ. ಡೀಫಾಲ್ಟ್‌ಗಿಂತ /29 ಹೆಚ್ಚು ನಿಖರವಾದುದರಿಂದ ಹುಬ್ಬಳ್ಳಿ ಈಗ ಟನಲ್‌ನ ಆಚೆ ತುದಿಯನ್ನು ತಲುಪಲು ಟನಲ್ ಒಳಗೇ ಹೋಗಬೇಕೆಂದು ನಂಬುತ್ತದೆ. ಟನಲ್ ತನ್ನನ್ನು ತಾನೇ ಹೊತ್ತುಕೊಳ್ಳಲು ಸಾಧ್ಯವಿಲ್ಲ. ಹೆಲೋಗಳು ನಿಲ್ಲುತ್ತವೆ, 40 ಸೆಕೆಂಡುಗಳ ಡೆಡ್ ಅವಧಿ ಮುಗಿದು ನೇಬರ್ ಬೀಳುತ್ತದೆ, ಆ ರೂಟ್ ಮಾಯವಾಗುತ್ತದೆ, ಟನಲ್ ಮತ್ತೆ ಏಳುತ್ತದೆ. ನಿಮ್ಮ ಚಕ್ರದ ಒಂದು ಸುತ್ತಿನ ಅವಧಿಯೇ ಕಾರಣವನ್ನು ಹೇಳುತ್ತಿದೆ.

ಮೂರೂ ಕಡೆ ‘ರೀಡಿಸ್ಟ್ರಿಬ್ಯೂಟ್ ಕನೆಕ್ಟೆಡ್’ ತೆಗೆಯಿರಿ. ಪ್ರಚಾರವಾಗಬೇಕಾದ ಪ್ರತಿಯೊಂದು ಲ್ಯಾನ್ ಅನ್ನೂ ಹೆಸರಿಸಿ, ಪ್ಯಾಸಿವ್ ಇಂಟರ್‌ಫೇಸ್ ಆಗಿ ಸೇರಿಸಿ. ಹತ್ತು ವಿಎಲ್ಯಾನ್‌ಗಳಿದ್ದರೆ ಹತ್ತು ಸಲ ಬರೆಯಬೇಕಾಗುತ್ತದೆ, ನಿಜ. ಆದರೆ ಹನ್ನೊಂದನೆಯದನ್ನು, ಅಂದರೆ ನಾಳೆ ಯಾರೋ ಸೇರಿಸುವ ಅತಿಥಿಗಳ ವೈಫೈ ಜಾಲವನ್ನು, ನಿಮ್ಮ ಅರಿವಿಲ್ಲದೆ ಶಾಖೆಗಳಿಗೆಲ್ಲ ಸಾರುವ ಅಪಾಯ ಇರುವುದಿಲ್ಲ. ರಕ್ಷಣೆಗಾಗಿ ಎದುರು ತುದಿಯ ಸಾರ್ವಜನಿಕ ವಿಳಾಸಕ್ಕೆ /32 ಸ್ಟ್ಯಾಟಿಕ್ ರೂಟ್ ಒಂದನ್ನು ಆಯಾ ಇಂಟರ್ನೆಟ್ ಗೇಟ್‌ವೇ ಮೂಲಕ ಹಾಕಿಡಿ. ಅದಕ್ಕಿಂತ ನಿಖರವಾದ ರೂಟ್ ಯಾರೂ ಕಳಿಸಲಾರರು.

ಕರಾವಳಿನೋಡ್

ಮಂಗಳೂರಿನ ತುದಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನನ್ನ ಒಂದು ಅನುಭವ. ಟನಲ್‌ನ ಎರಡೂ ಕಡೆ ನೆಟ್‌ವರ್ಕ್ ಟೈಪ್ ಒಂದೇ ಇದೆಯೇ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ನನ್ನ ಒಂದು ತುದಿ ಬ್ರಾಡ್‌ಕಾಸ್ಟ್, ಇನ್ನೊಂದು ತುದಿ ಪಾಯಿಂಟ್‌ ಟು ಪಾಯಿಂಟ್ ಆಗಿತ್ತು. ಎರಡಕ್ಕೂ ಹೆಲೋ 10, ಡೆಡ್ 40 ಸೆಕೆಂಡುಗಳೇ ಆದ್ದರಿಂದ ನೇಬರ್ ಫುಲ್ ಆಗುತ್ತದೆ, ಡೇಟಾಬೇಸ್ ಕೂಡ ತುಂಬುತ್ತದೆ, ಆದರೆ ರೂಟ್ ಪಟ್ಟಿಗೆ ಒಂದೂ ಇಳಿಯುವುದಿಲ್ಲ. ಆ ಲಿಂಕ್ ಅನ್ನು ಇಬ್ಬರೂ ಬೇರೆ ಬೇರೆ ರೀತಿಯಲ್ಲಿ ವರ್ಣಿಸುವುದರಿಂದ ಲೆಕ್ಕಾಚಾರದಲ್ಲಿ ಅದು ಎರಡೂ ಕಡೆಯಿಂದ ಕೂಡಿಕೊಳ್ಳುವುದೇ ಇಲ್ಲ. ಫುಲ್ ಎಂಬ ಪದ ನೋಡಿ ನೆಮ್ಮದಿಯಾಗಿ ಎರಡು ದಿನ ಬೇರೆಲ್ಲೋ ಹುಡುಕಿದೆ.

ಗಣಕಜಾಲಿ

ಚಕ್ರ ನಿಂತಿತು. ಎರಡು ಶಾಖೆಗಳ ನಾಲ್ಕೂ ಟನಲ್‌ಗಳು ಪಾಯಿಂಟ್ ಟು ಪಾಯಿಂಟ್ ಆಗಿ ಫುಲ್ ಇವೆ. ಬೆಂಗಳೂರಿನಲ್ಲಿ ಮೊದಲ ಟನಲ್‌ಗೆ ಮೆಟ್ರಿಕ್ (ದಾರಿಯ ವೆಚ್ಚ, ಕಡಿಮೆ ಇರುವುದೇ ಆಯ್ಕೆಯಾಗುತ್ತದೆ) 10, ಎರಡನೆಯದಕ್ಕೆ 20 ಕೊಟ್ಟಿದ್ದೇನೆ.

ಈಗ ಎದುರಾಗಿರುವ ಸಮಸ್ಯೆ ಮೊದಲಿನವುಗಳಿಗಿಂತ ವಿಚಿತ್ರವಾಗಿದೆ. ಬೆಂಗಳೂರಿನಿಂದ ಹುಬ್ಬಳ್ಳಿಯ 10.20.5.11 ಎಂಬ ಕಂಪ್ಯೂಟರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಸಿಗುತ್ತದೆ, ಪಕ್ಕದ 10.20.5.12ಕ್ಕೆ ಸಿಗುವುದಿಲ್ಲ. ಎರಡಕ್ಕೂ ಪಿಂಗ್ ಹೋಗುತ್ತದೆ. ಎರಡೂ ಒಂದೇ ಸ್ವಿಚ್‌ನಲ್ಲಿವೆ, ಒಂದೇ ಗೇಟ್‌ವೇ ಇದೆ. ಬೆಂಗಳೂರಿನ ಫೈರ್‌ವಾಲ್ ಲಾಗ್‌ನಲ್ಲಿ ಎರಡನೆಯ ಟನಲ್ ಇಂಟರ್‌ಫೇಸ್‌ನಲ್ಲಿ ‘ಟಿಸಿಪಿ:ಎಸ್‌ಎ’ ಎಂಬ ಗುರುತಿನೊಡನೆ ಡೀಫಾಲ್ಟ್ ಡಿನೈ ಸಾಲುಗಳು ತುಂಬಿವೆ. ಆ ಇಂಟರ್‌ಫೇಸ್‌ನಲ್ಲಿ ಹುಬ್ಬಳ್ಳಿಯಿಂದ ಬರುವ ಎಲ್ಲಕ್ಕೂ ಅನುಮತಿ ಕೊಡುವ ನಿಯಮವಿದೆ. ಹಳೆಯ ಆವೃತ್ತಿಯಲ್ಲಿ ಪರೀಕ್ಷೆ ಮಾಡಿದಾಗ ಹೀಗಾಗಿರಲಿಲ್ಲ.

ದಾರಿಗಣಿತ

ಫೈರ್‌ವಾಲ್ ಮೇಲಿನ ಡೈನಾಮಿಕ್ ರೂಟಿಂಗ್‌ನ ನಿಜವಾದ ಕಷ್ಟ ಇಲ್ಲಿಂದ ಆರಂಭವಾಗುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ರೂಟರ್ ಪ್ರತಿ ಪ್ಯಾಕೆಟ್ ಅನ್ನೂ ಒಂಟಿಯಾಗಿ ನೋಡುತ್ತದೆ. ಅದು ಎಲ್ಲಿಗೆ ಹೋಗಬೇಕೆಂದಷ್ಟೇ ಕೇಳುತ್ತದೆ. ಸ್ಟೇಟ್‌ಫುಲ್ ಫೈರ್‌ವಾಲ್ ಪ್ಯಾಕೆಟ್ ಅನ್ನು ಒಂದು ಸಂಭಾಷಣೆಯ ಭಾಗವಾಗಿ ನೋಡುತ್ತದೆ. ಈ ಮಾತು ಯಾವಾಗ, ಯಾರಿಂದ ಶುರುವಾಯಿತು ಎಂದು ತನ್ನ ಸ್ಟೇಟ್ ಪಟ್ಟಿಯಲ್ಲಿ ಹುಡುಕುತ್ತದೆ. ಓಎಸ್‌ಪಿಎಫ್‌ಗೆ ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆಗಿರಬೇಕೆಂಬ ಹಟವಿಲ್ಲ, ಫೈರ್‌ವಾಲ್‌ಗೆ ಇದೆ. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟವರು ಇಬ್ಬರ ನಡುವೆ ಒಪ್ಪಂದ ಮಾಡಿಸಬೇಕು.

ಓಎಸ್‌ಪಿಎಫ್‌ನಲ್ಲಿ ಮೆಟ್ರಿಕ್ ಎಂಬುದು ಲಿಂಕ್‌ನ ಗುಣವಲ್ಲ, ಹೊರಹೋಗುವ ಇಂಟರ್‌ಫೇಸ್‌ನ ಗುಣ. ಬೆಂಗಳೂರಿನಲ್ಲಿ 10 ಮತ್ತು 20 ಬರೆದದ್ದು ಬೆಂಗಳೂರಿನಿಂದ ಹೊರಡುವ ಪ್ಯಾಕೆಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಹುಬ್ಬಳ್ಳಿಯಲ್ಲಿ ನೀವು ಏನೂ ಬರೆದಿಲ್ಲ ಎಂದು ಭಾವಿಸುತ್ತೇನೆ. ಹಾಗಿದ್ದರೆ ಎಫ್‌ಆರ್‌ಆರ್ ಎರಡೂ ಟನಲ್‌ಗಳಿಗೆ 10 ಎಂದೇ ಇಟ್ಟುಕೊಂಡು, ಎರಡನ್ನೂ ಸಮಾನ ದಾರಿಗಳೆಂದು ಲಿನಕ್ಸ್‌ಗೆ ಒಪ್ಪಿಸುತ್ತದೆ. ಲಿನಕ್ಸ್ ಸಹಜ ಸ್ಥಿತಿಯಲ್ಲಿ ಮೂಲ ಮತ್ತು ಗುರಿ ವಿಳಾಸಗಳ ಹ್ಯಾಶ್ ಲೆಕ್ಕಹಾಕಿ ಎರಡರಲ್ಲಿ ಒಂದನ್ನು ಆರಿಸುತ್ತದೆ. 10.20.5.11ರ ಹ್ಯಾಶ್ ಮೊದಲ ಟನಲ್‌ಗೆ ಬಿದ್ದಿದೆ, 10.20.5.12ರದು ಎರಡನೆಯದಕ್ಕೆ. ಒಂದು ಕಂಪ್ಯೂಟರ್ ಸಿಕ್ಕಿ ಪಕ್ಕದ್ದು ಸಿಗದಿರುವುದರ ರಹಸ್ಯ ಇಷ್ಟೇ.

ಸಂಪರ್ಕ ಆರಂಭಿಸುವ ನಿಮ್ಮ ಸಿನ್ ಪ್ಯಾಕೆಟ್ ಮೊದಲ ಟನಲ್‌ನಿಂದ ಹೊರಟಿತು, ಸ್ಟೇಟ್ ಆ ಇಂಟರ್‌ಫೇಸ್‌ಗೆ ಕಟ್ಟಿಕೊಂಡಿತು. ಉತ್ತರವಾಗಿ ಬಂದ ಸಿನ್-ಆಕ್ (ಲಾಗ್‌ನಲ್ಲಿನ ‘ಎಸ್‌ಎ’) ಎರಡನೆಯ ಟನಲ್‌ನಿಂದ ಒಳಬಂತು, ಅಲ್ಲಿ ಸ್ಟೇಟ್ ಸಿಗಲಿಲ್ಲ, ನಿಯಮಗಳ ಮುಂದೆ ಹೋಗಿ ನಿಂತಿತು. ಅನುಮತಿಯ ನಿಯಮ ಟಿಸಿಪಿಯ ಮಟ್ಟಿಗೆ ಹೊಸ ಸಂಪರ್ಕದ ಮೊದಲ ಪ್ಯಾಕೆಟ್‌ಗೆ, ಅಂದರೆ ಬರಿಯ ಸಿನ್‌ಗೆ, ಮಾತ್ರ ಹೊಂದುತ್ತದೆ, ಸಿನ್-ಆಕ್‌ಗೆ ಹೊಂದುವುದಿಲ್ಲ. ಆದ್ದರಿಂದ ಎಲ್ಲಕ್ಕೂ ಅನುಮತಿ ಇದ್ದಾಗಲೂ ಡೀಫಾಲ್ಟ್ ಡಿನೈ ಕಾಣುತ್ತದೆ. ಪಿಂಗ್‌ನ ಉತ್ತರಕ್ಕೆ ಅಂಥ ಗುರುತುಗಳಿಲ್ಲದ ಕಾರಣ ಅದು ಅದೇ ನಿಯಮದಲ್ಲಿ ನುಸುಳಿ ಬರುತ್ತದೆ.

ಹಳೆಯ ಆವೃತ್ತಿಯಲ್ಲಿ ಆಗದಿದ್ದುದಕ್ಕೂ ಕಾರಣವಿದೆ. ಮೊದಲು ಪಿಎಫ್‌ಸೆನ್ಸ್‌ನಲ್ಲಿ ಸ್ಟೇಟ್‌ಗಳು ತೇಲುವ ಸ್ವಭಾವದವು. ಯಾವ ಇಂಟರ್‌ಫೇಸ್‌ನಿಂದ ಉತ್ತರ ಬಂದರೂ ಹೊಂದುತ್ತಿದ್ದವು. 2.8.0ರಲ್ಲಿ, ಮತ್ತು ಅದರ ವಾಣಿಜ್ಯ ರೂಪವಾದ ಪ್ಲಸ್‌ನ 24.03ರಲ್ಲಿ, ಸ್ಟೇಟ್‌ಗಳನ್ನು ಆಯಾ ಇಂಟರ್‌ಫೇಸ್‌ಗೆ ಬಿಗಿದು ಕಟ್ಟುವುದೇ ಸಹಜ ಸ್ಥಿತಿಯಾಯಿತು. ಹಾಗಾಗಿ ಅದಕ್ಕೂ ಹಿಂದಿನ ಮಾರ್ಗದರ್ಶಿಗಳಲ್ಲಿ ಈ ತೊಂದರೆಯ ಪ್ರಸ್ತಾಪವೇ ಸಿಗುವುದಿಲ್ಲ.

ಹುಬ್ಬಳ್ಳಿಯಲ್ಲೂ ಮೊದಲ ಟನಲ್‌ಗೆ 10, ಎರಡನೆಯದಕ್ಕೆ 20 ಬರೆಯಿರಿ. ಮಂಗಳೂರಿನಲ್ಲೂ ಹಾಗೆಯೇ.

ಮಿತಭಾಷಿ

ಸುಲಭದ ದಾರಿ ಇದೆ: ಸುಧಾರಿತ ಆಯ್ಕೆಗಳಲ್ಲಿ ಸ್ಟೇಟ್ ಪಾಲಿಸಿಯನ್ನು ಮತ್ತೆ ಫ್ಲೋಟಿಂಗ್ ಮಾಡಿದರೆ ಮೆಟ್ರಿಕ್ ಮುಟ್ಟದೆಯೇ ಎಲ್ಲವೂ ನಡೆಯುತ್ತದೆ.

ದಾರಿಗಣಿತ

ನಡೆಯುತ್ತದೆ, ಒಪ್ಪುತ್ತೇನೆ, ಮತ್ತು ಲೈನ್ ಬದಲಾಗುವ ಕ್ಷಣದಲ್ಲಿ ಹಳೆಯ ಸಂಪರ್ಕಗಳು ಉಳಿಯಲೆಂದು ಟನಲ್‌ಗಳ ನಿಯಮಗಳಿಗಷ್ಟೇ ಫ್ಲೋಟಿಂಗ್ ಕೊಡುವುದನ್ನು ನಾನೇ ಸೂಚಿಸುತ್ತೇನೆ. ಇಡೀ ಫೈರ್‌ವಾಲ್‌ಗೆ ಕೊಡುವುದನ್ನು ಒಪ್ಪಲಾರೆ. ಟನಲ್ ಒಳಗೆ ಹೋಗಬೇಕಾದ ಸಂಭಾಷಣೆ ಟನಲ್ ಬಿದ್ದಾಗ ಇಂಟರ್ನೆಟ್ ಇಂಟರ್‌ಫೇಸ್‌ನಿಂದ ಬೆತ್ತಲಾಗಿ ಹೊರಟರೂ ತೇಲುವ ಸ್ಟೇಟ್ ಅದನ್ನು ಬಿಟ್ಟುಬಿಡಬಹುದು. ಮೆಟ್ರಿಕ್ ಸರಿಯಿಲ್ಲದ ಜಾಲವನ್ನು ಸ್ಟೇಟ್ ಪಾಲಿಸಿಯಿಂದ ಮುಚ್ಚಿಟ್ಟರೆ ಎರಡು ದೋಷಗಳಿದ್ದ ಹಾಗಾಯಿತು.

ಹೊರದಾರಿ

ಇಷ್ಟು ಓದಿದ ಮೇಲೆ ಒಂದು ಭಿನ್ನ ಅಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ. ಶಾಖೆಗಳಿಗೆ ಓಎಸ್‌ಪಿಎಫ್ ಆರಿಸಿದ್ದೇ ಸರಿಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಒಂದು ಏರಿಯಾದೊಳಗಿನ ಎಲ್ಲರ ಡೇಟಾಬೇಸ್ ಒಂದೇ ಆಗಿರಬೇಕೆಂಬುದು ಓಎಸ್‌ಪಿಎಫ್‌ನ ಅಡಿಪಾಯ. ಅಂದಮೇಲೆ ಹುಬ್ಬಳ್ಳಿಯ ರೂಟರ್ ಯಾರದೋ ಕೈಗೆ ಸಿಕ್ಕು, ಬೆಂಗಳೂರಿನ ಸರ್ವರ್‌ಗಳಿರುವ 10.10.8.0/24 ತನ್ನಲ್ಲೇ ಇದೆಯೆಂದು ಹೇಳಿದರೆ ಮಂಗಳೂರಿಗೂ ಆ ಸುಳ್ಳು ತಲುಪುತ್ತದೆ. ನೀವು ತಡೆಯಬಲ್ಲದ್ದು ನಿಮ್ಮ ರೂಟ್ ಪಟ್ಟಿಗೆ ಇಳಿಯುವುದನ್ನು ಮಾತ್ರ, ಆ ಸುದ್ದಿ ಮುಂದೆ ಸಾಗುವುದನ್ನಲ್ಲ.

ಅದೇ ಟನಲ್‌ಗಳ ಮೇಲೆ ಪ್ರತಿ ಕಚೇರಿಗೂ ಒಂದೊಂದು ಖಾಸಗಿ ಎಎಸ್ ಸಂಖ್ಯೆ (ಸ್ವತಂತ್ರ ಜಾಲವನ್ನು ಗುರುತಿಸುವ ಸಂಖ್ಯೆ) ಕೊಟ್ಟು, 64512ರಿಂದ 65534ರವರೆಗಿನ ಯಾವುದಾದರೂ ಆಗಬಹುದು, ಬಿಜಿಪಿ (ಅಂಥ ಜಾಲಗಳ ನಡುವಿನ ರೂಟಿಂಗ್ ಪ್ರೋಟೊಕಾಲ್) ಓಡಿಸಿ. ಹುಬ್ಬಳ್ಳಿಯಿಂದ 10.20.0.0/16ರ ಒಳಗಿನದು ಮಾತ್ರ ಸ್ವೀಕಾರ ಎಂದು ಆ ನೇಬರ್‌ಗೆ ಪ್ರಿಫಿಕ್ಸ್ ಪಟ್ಟಿ ಬರೆದರೆ ಮುಗಿಯಿತು. ಟಿಸಿಪಿ 179 ಒಂದೇ ನಿಯಮ ಸಾಕು, ಮಲ್ಟಿಕಾಸ್ಟ್‌ನ ಗೋಜಿಲ್ಲ. 2017ರ ಆರ್‌ಎಫ್‌ಸಿ 8212 ಪ್ರಕಾರ ಹೊರ ನೇಬರ್‌ಗೆ ಪಾಲಿಸಿ ಬರೆಯದಿದ್ದರೆ ಒಂದು ರೂಟ್ ಕೂಡ ಬರುವುದಿಲ್ಲ, ಹೋಗುವುದಿಲ್ಲ. ಎಫ್‌ಆರ್‌ಆರ್ ಅದನ್ನು ಪಾಲಿಸುತ್ತದೆ. ಮೊದಲ ಸಲ ನೋಡಿದವರು ಕೆಟ್ಟಿದೆ ಎಂದುಕೊಳ್ಳುತ್ತಾರೆ, ಆದರೆ ಫೈರ್‌ವಾಲ್‌ನ ಸ್ವಭಾವಕ್ಕೆ ಒಪ್ಪುವ ನಡವಳಿಕೆ ಅದೇ.

ಗಡಿಕಾವಲು

ನಿಮ್ಮ ವಾದದ ತಿರುಳನ್ನು ಒಪ್ಪುತ್ತೇನೆ. ಶಾಖೆಗಳು ಬೇರೆಯವರ ಆಡಳಿತದಲ್ಲಿದ್ದರೆ, ಅಥವಾ ಸಂಖ್ಯೆ ಹತ್ತನ್ನು ದಾಟಿದರೆ, ನಾನೂ ಬಿಜಿಪಿಯನ್ನೇ ಹೇಳುತ್ತಿದ್ದೆ. ಮೂರು ಕಚೇರಿಗಳೂ ಒಬ್ಬರ ಕೈಯಲ್ಲೇ ಇರುವಾಗ ಓಎಸ್‌ಪಿಎಫ್ ತಪ್ಪಲ್ಲ. ಬಿಜಿಪಿಯ ಹೋಲ್ಡ್ ಅವಧಿ ಎಫ್‌ಆರ್‌ಆರ್‌ನಲ್ಲಿ ಸಹಜವಾಗಿ 180 ಸೆಕೆಂಡು ಎಂಬುದನ್ನೂ ಪ್ರಶ್ನೆ ಕೇಳಿದವರು ಗಮನದಲ್ಲಿಡಬೇಕು. ಅದನ್ನು ಇಳಿಸದಿದ್ದರೆ ಲೈನ್ ಕಡಿದಾಗ ಮೂರು ನಿಮಿಷ ಕಾಯಬೇಕಾಗುತ್ತದೆ.

ಹೊಸಬಳು

ನಮ್ಮಲ್ಲಿ ಸೋಫೋಸ್ ಫೈರ್‌ವಾಲ್ ಇದೆ. ಓಎಸ್‌ಪಿಎಫ್ ಇಂಟರ್‌ಫೇಸ್ ಸೇರಿಸಿ, ಫೈರ್‌ವಾಲ್ ನಿಯಮಗಳನ್ನು ಬರೆದರೂ ನೇಬರ್ ಕಾಣಿಸುವುದೇ ಇಲ್ಲ. ಇಲ್ಲಿ ಕೇಳಬಹುದೇ?

ಗಡಿಕಾವಲು

ಖಂಡಿತ ಕೇಳಬಹುದು. ಅಲ್ಲಿ ಫೈರ್‌ವಾಲ್‌ಗೇ ಬರುವ ಪ್ಯಾಕೆಟ್‌ಗಳನ್ನು ಸಾಮಾನ್ಯ ನಿಯಮಗಳು ತೀರ್ಮಾನಿಸುವುದಿಲ್ಲ. ಅಡ್ಮಿನಿಸ್ಟ್ರೇಶನ್‌ನ ಡಿವೈಸ್ ಆಕ್ಸೆಸ್ ಪುಟದಲ್ಲಿ ಆ ಝೋನ್‌ನ ಎದುರು ‘ಡೈನಾಮಿಕ್ ರೂಟಿಂಗ್’ ಗುರುತು ಹಾಕಿ. ಫೋರ್ಟಿಗೇಟ್ ಫೈರ್‌ವಾಲ್ ಇರುವವರಿಗೂ ಒಂದು ಮಾತು: ಡಿಬಗ್‌ನಲ್ಲಿ ‘ರಿವರ್ಸ್ ಪಾತ್ ಚೆಕ್ ಫೇಲ್’ ಎಂದು ಬಂದರೆ, ಬಂದ ಇಂಟರ್‌ಫೇಸ್‌ನ ಕಡೆಗೆ ಮೂಲ ವಿಳಾಸಕ್ಕೆ ರೂಟ್ ಇಲ್ಲ ಎಂದರ್ಥ, ಹೋಗುವ, ಬರುವ ದಾರಿಗಳು ಬೇರೆಯಾದರೂ ಬಿಡುವ ‘ಅಸಿಮ್‌ರೂಟ್’ ಆಯ್ಕೆ ಒತ್ತುವ ಮುನ್ನ ರೂಟ್ ಪಟ್ಟಿಯನ್ನು ನೋಡಿ.

ಗಣಕಜಾಲಿ

ಮೂರೂ ಕಡೆ ಮೆಟ್ರಿಕ್ ಸರಿಪಡಿಸಿದ ಮೇಲೆ ‘ಟಿಸಿಪಿ:ಎಸ್‌ಎ’ ಸಾಲುಗಳು ನಿಂತುಹೋದವು, 10.20.5.12 ಕೂಡ ಸಿಗುತ್ತಿದೆ. ಟನಲ್ ನಿಯಮಗಳಿಗೆ ಮಾತ್ರ ಫ್ಲೋಟಿಂಗ್ ಕೊಟ್ಟಿದ್ದೇನೆ. ನಿನ್ನೆ ರಾತ್ರಿ ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರಿಂದ ಮೊದಲ ಲೈನ್‌ನ ಕೇಬಲ್ ಕೀಳಿಸಿ ನೋಡಿದೆ. ಲೈನ್ ಸತ್ತರೂ ಬೆಂಗಳೂರಿನ ಟನಲ್ ಇಂಟರ್‌ಫೇಸ್ ‘ಅಪ್’ ಎಂದೇ ತೋರಿಸುತ್ತದೆ, ಆದ್ದರಿಂದ ಡೆಡ್ ಅವಧಿಯ 40 ಸೆಕೆಂಡು ಪೂರ್ತಿ ಕಾಯಬೇಕಾಯಿತು. ನಂತರ ಎಲ್ಲವೂ ತಾನಾಗಿಯೇ ಎರಡನೆಯ ಟನಲ್‌ಗೆ ಬಂತು. ಯಾರೂ ರಾತ್ರಿ ಎದ್ದು ರೂಟ್ ಬದಲಿಸಬೇಕಾಗಲಿಲ್ಲ.

ಈ 40 ಸೆಕೆಂಡನ್ನು ಇಳಿಸಲು ಬಿಎಫ್‌ಡಿ (ದಾರಿ ಕಡಿದದ್ದನ್ನು ಬೇಗ ಪತ್ತೆಹಚ್ಚುವ ಪ್ರೋಟೊಕಾಲ್) ಹಾಕಬಹುದೇ? ಇನ್ನೊಂದು, ಬೆಂಗಳೂರಿಗೆ ಎರಡನೆಯ ಪಿಎಫ್‌ಸೆನ್ಸ್ ಬರುತ್ತಿದೆ, ಎರಡನ್ನೂ ಕಾರ್ಪ್ ಜೋಡಿಯಾಗಿ (ಒಂದೇ ವಿಳಾಸ ಹಂಚಿಕೊಂಡು, ಒಂದು ಬಿದ್ದರೆ ಇನ್ನೊಂದು ವಹಿಸಿಕೊಳ್ಳುವಂತೆ) ಇಡಬೇಕಿದೆ. ಓಎಸ್‌ಪಿಎಫ್ ಎರಡರಲ್ಲೂ ಓಡಬೇಕೇ?

ಗಡಿಕಾವಲು

ಬಿಎಫ್‌ಡಿ ಹಾಕಬಹುದು, ಯುಡಿಪಿ 3784ಕ್ಕೆ ಟನಲ್ ಇಂಟರ್‌ಫೇಸ್‌ನಲ್ಲಿ ಅನುಮತಿ ಕೊಡಿ. ಎಫ್‌ಆರ್‌ಆರ್‌ನ ಸಹಜ ಮೌಲ್ಯ 300 ಮಿಲಿಸೆಕೆಂಡು, ಮೂರು ಸಲ ತಪ್ಪಿದರೆ ನೇಬರ್ ಬಿತ್ತೆಂದು ಲೆಕ್ಕ, ಅಂದರೆ ಒಂದು ಸೆಕೆಂಡಿಗೂ ಕಡಿಮೆ. ಸಾರ್ವಜನಿಕ ಇಂಟರ್ನೆಟ್ ಲೈನ್ ಮೇಲೆ ಅದು ತೀರಾ ಬಿಗಿ. ಒಂದು ಕ್ಷಣದ ದಟ್ಟಣೆಗೂ ರೂಟ್‌ಗಳು ಅತ್ತಿತ್ತ ಹಾರತೊಡಗುತ್ತವೆ. 1000 ಮಿಲಿಸೆಕೆಂಡಿನಿಂದ ಆರಂಭಿಸಿ, ಒಂದು ವಾರ ಲಾಗ್ ನೋಡಿ.

ಕಾರ್ಪ್ ಜೋಡಿಯಲ್ಲಿ ಎರಡೂ ಏಕಕಾಲಕ್ಕೆ ಮಾತನಾಡುವುದು ನಿಮ್ಮ ವಿನ್ಯಾಸಕ್ಕೆ ಬೇಡ, ಏಕೆಂದರೆ ಟನಲ್‌ಗಳು ಕಾರ್ಪ್ ವಿಳಾಸದ ಮೇಲೆ ನಿಂತಿರುತ್ತವೆ. ಎಫ್‌ಆರ್‌ಆರ್‌ನ ಸಂರಚನೆಯಲ್ಲಿ ‘ಕಾರ್ಪ್ ಸ್ಟೇಟಸ್ ಐಪಿ’ ಎಂಬ ಜಾಗದಲ್ಲಿ ಆ ವಿಳಾಸವನ್ನು ಆರಿಸಿದರೆ ಬ್ಯಾಕಪ್ ಸ್ಥಿತಿಯಲ್ಲಿರುವ ಪೆಟ್ಟಿಗೆಯಲ್ಲಿ ಎಫ್‌ಆರ್‌ಆರ್ ಏಳುವುದಿಲ್ಲ. ಎರಡು ಪೆಟ್ಟಿಗೆಗಳನ್ನು ಹೊಂದಿಸಿಡುವ ಪಿಎಫ್‌ಸಿಂಕ್ ಸ್ಟೇಟ್‌ಗಳನ್ನು ಆಚೆಗೆ ಒಯ್ಯುತ್ತದೆ, ಆದರೆ ರೂಟ್‌ಗಳನ್ನೂ ಐಪಿಸೆಕ್ ಮಾತುಕತೆಯನ್ನೂ ಒಯ್ಯುವುದಿಲ್ಲ. ಹೊಸ ಮಾಸ್ಟರ್ ಟನಲ್ ಕಟ್ಟಿ, ನೇಬರ್ ಫುಲ್ ಮಾಡಿಕೊಂಡು, ರೂಟ್ ಕಲಿತ ಮೇಲೆಯೇ ಶಾಖೆಗಳು ಕಾಣುತ್ತವೆ. ಸ್ಟೇಟ್‌ಗಳು ಇಂಟರ್‌ಫೇಸ್‌ಗೆ ಕಟ್ಟಿಕೊಳ್ಳುವ ಈ ಆವೃತ್ತಿಯಲ್ಲಿ ಎರಡೂ ಪೆಟ್ಟಿಗೆಗಳ ಇಂಟರ್‌ಫೇಸ್ ಹೆಸರುಗಳು ಒಂದೇ ಕ್ರಮದಲ್ಲಿ ಇರುವುದು ಅಗತ್ಯ. ಎರಡನೆಯ ಪೆಟ್ಟಿಗೆಗೆ ಕಾರ್ಡ್‌ಗಳನ್ನು ಕೊಳ್ಳುವ ಮೊದಲೇ ಮೊದಲನೆಯದರಲ್ಲಿ ಯಾವ ಕಾರ್ಡ್ ಇದೆಯೆಂದು ನೋಡಿ, ಅದೇ ಮಾದರಿಯನ್ನು ತರಿಸಿ.

ಗಣಕಜಾಲಿ

ಮೊದಲನೆಯದರಲ್ಲಿ ಇಂಟೆಲ್‌ನ ನಾಲ್ಕು ಪೋರ್ಟ್ ಕಾರ್ಡ್ ಇದೆ. ಖರೀದಿ ಪತ್ರ ಇನ್ನೂ ಸಹಿಯಾಗಿಲ್ಲ, ಇಂದೇ ತಿದ್ದಿಸುತ್ತೇನೆ.